ಹುಬ್ಬಳ್ಳಿ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ: ಮೀನು ಯಾಕೆ ಸತ್ತವು, ಹವಳ ಯಾವಾಗ ಇಡಬೇಕು?

ಪ್ರಶ್ನೆ: ನಮ್ಮ ಮನಿ ಹುಬ್ಬಳ್ಳಿ ವಿದ್ಯಾನಗರದಾಗ ಅದ. ನಾಕು ವರ್ಷದಿಂದ ಗೋಲ್ಡ್ ಫಿಶ್ ಸಾಕೇನಿ, ಒಂದೂ ತೊಂದ್ರಿ ಆಗಿಲ್ಲ. ಹೋದ ಮಾರ್ಚ್‌ನ್ಯಾಗ ಮೂರು ಫೂಟ್ ಉದ್ದ, ಒಂದೂವರಿ ಫೂಟ್ ಅಗಲ, ಅಷ್ಟ ಎತ್ತರದ ಟ್ಯಾಂಕಿಗೆ ಉಪ್ಪುನೀರು ಮಾಡಿ, ಮೂರನೇ ದಿನಕ್ಕ ಎರಡು ಕ್ಲೌನ್, ಎರಡು ನೀಲಿ ಡ್ಯಾಮ್ಸೆಲ್ ಬಿಟ್ಟೆ. ವಾರದಾಗ ಕ್ಲೌನ್ ಮೈಮ್ಯಾಲ ಬಿಳಿ ಲೋಳಿ ಬಂತು. ನೀರಿನ ಮ್ಯಾಲ ಬಂದು ಬಾಯಿ ತಗದು ಉಸರಾಡಾಕ ಹತ್ತಿದ್ವು. ಹತ್ತು ದಿನದಾಗ ನಾಕೂ ಹೋದ್ವು. ನೀರು ಬೋರಿಂದು, ಟಿಡಿಎಸ್ 900. ಮಧ್ಯಾಹ್ನ ಟ್ಯಾಂಕಿನ ನೀರು 32 ಡಿಗ್ರಿ ಆಗ್ತದ. ಕರೆಂಟ್ ಒಮ್ಮೊಮ್ಮೆ ಎರಡು-ಮೂರು ತಾಸು ಹೋಗ್ತದ. ಹವಳ ಇಡಬೇಕಂತ ಭಾಳ ಆಸೆ ಅದ. ಮತ್ತ ಶುರು ಮಾಡಬೇಕೋ, ಬಿಡಬೇಕೋ? ಮಾಡೋದಾದ್ರ ಯಾವ ಮೀನು, ಯಾವ ಹವಳ?

ಉತ್ತರ: ಖಂಡಿತ ಮತ್ತೆ ಶುರು ಮಾಡಿ. ತೊಟ್ಟಿಯ ಅಳತೆ ಚೆನ್ನಾಗಿದೆ. ಒಳಗೆ 182 ಲೀಟರ್ ಹಿಡಿಯುತ್ತದೆ; ಕಲ್ಲು, ಮರಳು, ಮೇಲೆ ಬಿಡುವ ಎರಡು ಇಂಚು ಕಳೆದರೆ ನಿಜವಾದ ನೀರು ಸುಮಾರು 150 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ 150 ಲೀಟರಿನ ಮೇಲೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸಮುದ್ರದಲ್ಲಿ ಯಾವುದೂ ಒಮ್ಮೆಲೇ ಬದಲಾಗುವುದಿಲ್ಲ, 150 ಲೀಟರಿನಲ್ಲಿ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಬದಲಾಗುತ್ತದೆ. ಉಪ್ಪು ಸಾವಿರಕ್ಕೆ 34 ಪಾಲು ಇದ್ದರೂ ಹವಳ ಬದುಕುತ್ತದೆ, 36 ಇದ್ದರೂ ಬದುಕುತ್ತದೆ. ಸೋಮವಾರ 34, ಗುರುವಾರ 37 ಆದರೆ ಮುದುಡುತ್ತದೆ. ನಿಮ್ಮ ಕೆಲಸವೆಲ್ಲ ಈ ಏರಿಳಿತದ ಓಟವನ್ನು ತಡೆಯುವುದೇ.

ಮೊದಲು ಆ ನಾಲ್ಕು ಮೀನುಗಳ ವಿಷಯ. ಗೋಲ್ಡ್ ಫಿಶ್ ಅನುಭವ ಇಲ್ಲಿ ನಿಮಗೆ ದಾರಿ ತಪ್ಪಿಸಿದೆ, ಅದರಲ್ಲಿ ನಿಮ್ಮ ತಪ್ಪಿಲ್ಲ. ಮೀನಿನ ಹೊಲಸು, ಉಳಿದ ಆಹಾರ ಎರಡೂ ಅಮೋನಿಯಾ ಆಗುತ್ತವೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಆ ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. ಸಮುದ್ರದ ನೀರಿನ ಪಿಎಚ್ 8.2, ಅಲ್ಲಿ ಅದೇ ಅಮೋನಿಯಾದ ನೂರರಲ್ಲಿ ಏಳೆಂಟು ಪಾಲು ವಿಷ. ಅಷ್ಟೇ ಮೀನು, ಅಷ್ಟೇ ಆಹಾರ, ವಿಷ ಮಾತ್ರ ಹತ್ತು ಪಟ್ಟಿಗೂ ಹೆಚ್ಚು. ಅದರ ಮೇಲೆ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 26 ಡಿಗ್ರಿಯ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಆರೂವರೆಯಷ್ಟು ಮಾತ್ರ. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟಕ್ಕಿಂತ ಆರುನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಅದಕ್ಕೂ ತುಸು ಕಡಿಮೆ. ನೀರು 32 ಡಿಗ್ರಿಗೆ ಹೋದರೆ ಇನ್ನೂ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದಿದ್ದು ಇದಕ್ಕೆ.

ಮೈಮೇಲೆ ಬಂದ ಬಿಳಿ ಲೋಳೆ ಬೇರೆ ಕಥೆ. ಉಪ್ಪಿನ ಹರಳು ಅಂಟಿಸಿದ ಹಾಗೆ ಬಿಡಿ ಬಿಡಿ ಚುಕ್ಕೆ ಇದ್ದಿದ್ದರೆ ಅದು ಕ್ರಿಪ್ಟೊಕ್ಯಾರಿಯಾನ್, ಇಕ್ ಎಂದು ಕರೆಯುವ ರೋಗ. ಹಿಟ್ಟು ಉದುರಿಸಿದಂತೆ ಸಣ್ಣ ಧೂಳಿದ್ದರೆ ವೆಲ್ವೆಟ್ ಎಂಬ ಇನ್ನೊಂದು ರೋಗ. ಕ್ಲೌನ್ ಮೀನಿನ ಮೇಲೆ ಲೋಳೆಯ ಪದರ ಎದ್ದು, ಚರ್ಮ ಸುಲಿದಂತಾಗಿ, ಉಸಿರು ಜೋರಾಗಿ ಕೆಲವೇ ದಿನದಲ್ಲಿ ಸತ್ತರೆ ಅದು ಬಹುಮಟ್ಟಿಗೆ ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಜೀವಿಯ ಕೆಲಸ. ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಗಳಿಗೆ ಇದು ತೀರಾ ಸಾಮಾನ್ಯ. ಮೊದಲ ಲಕ್ಷಣ ಕಂಡ ದಿನವೇ 37 ಶೇಕಡಾ ಫಾರ್ಮಾಲಿನ್ ಅನ್ನು 4 ಲೀಟರ್ ಉಪ್ಪುನೀರಿಗೆ 1 ಮಿಲಿ ಲೆಕ್ಕದಲ್ಲಿ ಬಕೆಟ್ಟಿನಲ್ಲಿ ಬೆರೆಸಿ, ಏರ್ ಪಂಪ್ ಜೋರಾಗಿ ಓಡಿಸಿ, ಎದುರಿಗೇ ಕುಳಿತು 30ರಿಂದ 45 ನಿಮಿಷ ಸ್ನಾನ ಮಾಡಿಸಬೇಕು. ಮೀನು ವಾಲಿದರೆ ಆ ಕ್ಷಣವೇ ತೆಗೆಯಬೇಕು. ಬಳಿಕ ಬೇರೆ ಸ್ವಚ್ಛ ತೊಟ್ಟಿಗೆ ಬಿಡಬೇಕು, ಹಳೆಯದಕ್ಕಲ್ಲ. ಫಾರ್ಮಾಲಿನ್ ಮನುಷ್ಯರಿಗೂ ವಿಷ, ಕೈಗವಸು ಮತ್ತು ತೆರೆದ ಕಿಟಕಿ ಬೇಕೇ ಬೇಕು. ಆದರೆ ಅಮೋನಿಯಾ ಏರಿದ ನೀರಿನಲ್ಲಿ ಕಿವಿರು ಸುಟ್ಟುಕೊಂಡ ಮೀನನ್ನು ಈ ಸ್ನಾನವೂ ಉಳಿಸುವುದು ಕಷ್ಟ.

ಹಾಗಾಗಿ ಈ ಸಲ ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಸಾಕಿ. ನೀರು, ಕಲ್ಲು, ಮರಳು, ಪಂಪ್ ಎಲ್ಲ ಕೂಡಿಸಿದ ಮೇಲೆ 1 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ ಹಾಕಿ. 150 ಲೀಟರಿಗೆ ಅದು ಹತ್ತಿರ ಹತ್ತಿರ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಅಮೋನಿಯಾ. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕಲು ಬಳಸುವ ನವಸಾಗರ ಇದೇ ವಸ್ತು. ಆದರೆ ಕಿರಾಣಿ ಅಂಗಡಿಯ ನವಸಾಗರದಲ್ಲಿ ಬೇರೆ ಲೋಹಗಳ ಕಲಬೆರಕೆ ಇರಬಹುದು, ಅದಕ್ಕೆ ಪ್ರಯೋಗಾಲಯ ದರ್ಜೆಯದನ್ನೇ ತನ್ನಿ. ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ತುಸು ಬೇಗ ಆಗುತ್ತದೆ. ಲೈಟ್ ಹಚ್ಚಬೇಡಿ, ನೀರು 26–28 ಡಿಗ್ರಿ ಇರಲಿ. ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮುಗಿಯಿತು ಅನ್ನಲು ಪರೀಕ್ಷೆ ಒಂದೇ: ಮತ್ತೆ 1 ಗ್ರಾಂ ಹಾಕಿ, 24 ತಾಸಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗಬೇಕು. "ನೀರು ತಿಳಿಯಾಗಿದೆ, ಮೀನು ಬಿಡಬಹುದು" ಎಂದು ಯಾರೇ ಹೇಳಲಿ ನಂಬಬೇಡಿ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಇನ್ನು ನೀರು. 900 ಟಿಡಿಎಸ್‌ನ (ಕರಗಿದ ಲವಣಗಳ ಅಳತೆ) ಬೋರ್ ನೀರನ್ನು ನೇರವಾಗಿ ಹಾಕಿದ್ದರೆ ಹವಳದ ಆಸೆ ಅಲ್ಲಿಗೇ ಬಿಡಬೇಕಾಗುತ್ತದೆ. ಗಡಸುತನ, ನೈಟ್ರೇಟ್, ಸಿಲಿಕಾ ಎಲ್ಲ ಅದರಲ್ಲಿವೆ. ಗದಗ ಜಿಲ್ಲೆಯ ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಬೇರೆ. ಆರ್‌ಓ ಬೇಕು, ಅದರ ಮುಂದೆ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಕೊಳವೆ ಬೇಕು. ಮನೆಯ ಕುಡಿಯುವ ನೀರಿನ ಆರ್‌ಓದಲ್ಲಿ ಎರಡು ತೊಡಕು ಇವೆ. ರುಚಿಗಾಗಿ ಕಚ್ಚಾ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್ ಅದರಲ್ಲಿರುತ್ತದೆ, ಕೊನೆಯಲ್ಲಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ಪೊರೆಯಿಂದ ಹೊರಬಂದ ಕೂಡಲೇ, ಇವೆರಡಕ್ಕೂ ಮೊದಲು, ಒಂದು ಟಿ ಜೋಡಿಸಿ ಪ್ರತ್ಯೇಕ ನಳಿಕೆ ತೆಗೆಯಿರಿ. ಪೊರೆ ಚೆನ್ನಾಗಿದ್ದರೆ 900 ಇದ್ದದ್ದು 45ರ ಹತ್ತಿರ ಬರುತ್ತದೆ, ಡಿಐ ದಾಟಿದ ಮೇಲೆ ಮೀಟರ್ ಸೊನ್ನೆ ತೋರಿಸಬೇಕು. ಬಣ್ಣ ಬದಲಾಯಿಸುವ ರೆಸಿನ್ ತಂದರೆ ಯಾವಾಗ ಮುಗಿಯಿತೆಂದು ಕಣ್ಣಿಗೇ ಗೊತ್ತಾಗುತ್ತದೆ.

ನಳದ ನೀರು ಬಂದ ದಿನ ಅದರಿಂದಲೇ ಆರ್‌ಓ ತುಂಬಿಸಿಕೊಳ್ಳಿ. ಮಲಪ್ರಭೆಯ ನೀರಿನ ಟಿಡಿಎಸ್ ಬೋರಿಗಿಂತ ಎಷ್ಟೋ ಕಡಿಮೆ, ರೆಸಿನ್ ಹಲವು ಪಟ್ಟು ಬಾಳುತ್ತದೆ; ಕ್ಲೋರಿನ್ ತೆಗೆಯಲು ಕಾರ್ಬನ್ ಫಿಲ್ಟರ್ ಮುಂದೆ ಇರಲಿ. ಆಹಾರ ದರ್ಜೆಯ 100 ಲೀಟರ್ ಪ್ಲಾಸ್ಟಿಕ್ ಡ್ರಮ್ ಒಂದು ಸಾಕು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಹಿತ್ತಾಳೆಯ ನಲ್ಲಿ ಯಾವುದೂ ಈ ನೀರಿಗೆ ತಾಗಬಾರದು. ನಮಗೆ ಒಳ್ಳೆಯದೆಂದು ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಕುಡಿಯುತ್ತೇವೆ. ಸೀಗಡಿ, ಬಸವನಹುಳು, ಹವಳಗಳಿಗೆ ತೀರಾ ಕಡಿಮೆ ತಾಮ್ರವೂ ಸಾವು. ಅದು ಕಲ್ಲು-ಮರಳಿನಲ್ಲಿ ಹೊಕ್ಕಿತೆಂದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ.

ಉಪ್ಪಿಗೆ ರೀಫ್ ಸಾಲ್ಟ್ ಎಂದೇ ಮಾರುವ ಮಿಶ್ರಣ ಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಸಮುದ್ರದ ನೀರಿನಿಂದಲೇ ಉಪ್ಪು ತೆಗೆಯುತ್ತಾರಲ್ಲ, ಅದನ್ನೇ ಕರಗಿಸಿದರೆ ಸಮುದ್ರ ಆಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಆಗುವುದಿಲ್ಲ. ಗದ್ದೆಯಲ್ಲಿ ನೀರು ಆರುವಾಗ ಮೊದಲು ಸುಣ್ಣದ ಅಂಶ ತಳಕ್ಕೆ ಇಳಿಯುತ್ತದೆ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮೆಗ್ನೀಸಿಯಂ-ಪೊಟ್ಯಾಸಿಯಂ ಉಳಿಕೆ ಕಹಿನೀರಿನಲ್ಲೇ ಉಳಿದುಹೋಗುತ್ತವೆ. ಹರಳುಪ್ಪು ಅಂದರೆ ಸಮುದ್ರದ ಒಂದು ಭಾಗ ಮಾತ್ರ. ಕಾರವಾರದಿಂದ ಕ್ಯಾನಿನಲ್ಲಿ ನೀರು ತರುವ ಯೋಚನೆಯೂ ಬೇಡ. ದಂಡೆಯ ನೀರಿನಲ್ಲಿ ಡೀಸೆಲ್ ಇರುತ್ತದೆ, ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಕೂಡುತ್ತದೆ. ಇವತ್ತು ತಂದ ನೀರಿನಂತೆ ಮುಂದಿನ ತಿಂಗಳು ತಂದದ್ದು ಇರುವುದಿಲ್ಲ.

ಲೀಟರಿಗೆ ಸುಮಾರು 37 ಗ್ರಾಂ ಮಿಶ್ರಣ, ಅಂದರೆ 150 ಲೀಟರಿಗೆ ಐದೂವರೆ ಕಿಲೋ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೆಳ್ಳಗೆ ತಳ ಹಿಡಿಯುತ್ತದೆ. ರಾತ್ರಿಯಿಡೀ ಪಂಪ್ ಓಡಿಸಿ, ಬೆಳಿಗ್ಗೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ, 35 ಬರಬೇಕು. ಆ ಉಪಕರಣವನ್ನು ಬರೀ ನೀರಿನಿಂದ ಸರಿಹೊಂದಿಸಿದರೆ 35ರ ಬಳಿ ಎರಡು-ಮೂರು ಅಂಕ ತಪ್ಪುವ ಸಂಭವ ಇದೆ. ಅಡುಗೆಯ ಪುಡಿ ಉಪ್ಪು 36.5 ಗ್ರಾಂ, ಆರ್‌ಓ ನೀರು 963.5 ಗ್ರಾಂ ತೂಗಿ ಕರಗಿಸಿ ಬಾಟಲಿಯಲ್ಲಿ ಬಿಗಿದಿಡಿ. ಬೆಳಕು ಇದರಲ್ಲಿ ಬಾಗುವ ರೀತಿ 35ರ ಸಮುದ್ರದ ನೀರಿನಂತೆಯೇ. ತಿಂಗಳಿಗೊಮ್ಮೆ ಇದರ ಒಂದು ಹನಿ ಇಟ್ಟು ಗೆರೆಯನ್ನು 35ಕ್ಕೆ ತನ್ನಿ.

ಈಗ ನಿಮ್ಮ 32 ಡಿಗ್ರಿ. ಹವಳದ ಒಡಲಿನಲ್ಲಿ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಇರುತ್ತದೆ, ಹವಳದ ಅನ್ನದ ಬಹುಪಾಲು ಅದೇ ಬೇಯಿಸಿಕೊಡುತ್ತದೆ. ನೀರು 30 ದಾಟಿ ದಿನಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನಿಮಗೆ ಬೇಕಾದದ್ದು 25ರಿಂದ 27, ಕಡುಬೇಸಿಗೆಯ ಮಧ್ಯಾಹ್ನ 28.

ಇದಕ್ಕೆ ನೀರು ತಂಪಾಗಿಸುವ ಚಿಲ್ಲರ್ ಯಂತ್ರವೇ ಬೇಕೆಂದಿಲ್ಲ. ನಮ್ಮ ಊರಿನ ಬೇಸಿಗೆ ಒಣ ಬೇಸಿಗೆ, ಅದೇ ನಮಗಿರುವ ಅನುಕೂಲ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುವುದರಿಂದ. ತೊಟ್ಟಿಗೂ ಅದೇ ನಿಯಮ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. 150 ಲೀಟರನ್ನು ಒಂದು ಡಿಗ್ರಿ ಇಳಿಸಲು 150 ಸಾಕು. ಅಂದರೆ ಹೊರಗಿನಿಂದ ಬಿಸಿ ಬರದಿದ್ದರೆ ಒಂದೇ ಲೀಟರ್ ಇಡೀ ತೊಟ್ಟಿಯನ್ನು ನಾಲ್ಕು ಡಿಗ್ರಿ ಇಳಿಸೀತು. ಬಿಸಿ ಬರುತ್ತಲೇ ಇರುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲಿ ದಿನಕ್ಕೆ ಮೂರು-ನಾಲ್ಕು ಲೀಟರ್ ಬೇಕಾಗುತ್ತದೆ. ಮುಚ್ಚಳದ ಗಾಜು ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ 12 ವೋಲ್ಟಿನ ಎರಡು ಸಣ್ಣ ಫ್ಯಾನ್ ಕೂಡಿಸಿ, ಅವುಗಳನ್ನು 26.5ಕ್ಕೆ ಶುರುವಾಗಿ 26ಕ್ಕೆ ನಿಲ್ಲುವ ಕಂಟ್ರೋಲರಿಗೆ ಜೋಡಿಸಿ. ಕೋಣೆಯ ಕಿಟಕಿ ತುಸು ತೆರೆದಿರಲಿ, ಇಲ್ಲವಾದರೆ ಒಳಗೇ ತೇವ ತುಂಬಿ ಆವಿಯಾಗುವುದು ನಿಲ್ಲುತ್ತದೆ. ಇದೇ ಫ್ಯಾನ್ ಕಾರವಾರದ ಜಿಗುಟು ಸೆಕೆಯಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ. ತೊಟ್ಟಿಯನ್ನು ಪಶ್ಚಿಮದ ಗೋಡೆಗೆ ಇಡಬೇಡಿ, ಸಂಜೆಯ ಬಿಸಿಲು ಕಾಸಿದ ಗೋಡೆ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತದೆ.

ಆದರೆ ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ದಿನಕ್ಕೆ 3 ಲೀಟರ್ ಹೋಗಿ ಮೂರು ದಿನ ಸುಮ್ಮನಿದ್ದರೆ 150 ಇದ್ದದ್ದು 141 ಆಗುತ್ತದೆ, 35ರ ಉಪ್ಪು 37ಕ್ಕೆ ಏರುತ್ತದೆ. ನಾಲ್ಕನೇ ದಿನ ಗಾಬರಿಯಾಗಿ 9 ಲೀಟರ್ ಒಮ್ಮೆಲೇ ಸುರಿದರೆ ಮತ್ತೆ 35ಕ್ಕೆ ಬೀಳುತ್ತದೆ. ಇದೇ ನಾನು ಮೊದಲು ಹೇಳಿದ ಓಟ. ಇದಕ್ಕಿಂತ ಕೆಟ್ಟದ್ದು, ಕಡಿಮೆಯಾದ ಜಾಗಕ್ಕೆ ಉಪ್ಪುನೀರು ತುಂಬಿಸುವುದು. ತುಂಬಿಸಬೇಕಾದದ್ದು ಯಾವಾಗಲೂ ಸೊನ್ನೆ ಟಿಡಿಎಸ್‌ನ ಸಿಹಿನೀರು. ದುಡ್ಡು ಹಾಕಬೇಕಾದ ಮೊದಲ ಜಾಗ ಇದೇ: ಮಟ್ಟ ಇಳಿದ ಕೂಡಲೇ ತಾನೇ ತುಂಬಿಸುವ ಎಟಿಓ. ಅದರ ಪಕ್ಕದ ಡಬ್ಬಿ ಮಾತ್ರ 10 ಲೀಟರಿಗಿಂತ ದೊಡ್ಡದು ಬೇಡ. ಸೆನ್ಸರ್ ಕೆಟ್ಟು ಡಬ್ಬಿ ಪೂರ್ತಿ ಸುರಿದರೂ ಉಪ್ಪು 33ರ ಸಮೀಪಕ್ಕೆ ಇಳಿಯುತ್ತದೆ, ಎಲ್ಲ ಬದುಕುತ್ತವೆ. 50 ಲೀಟರಿನ ಡ್ರಮ್ಮಿಗೆ ಜೋಡಿಸಿದ್ದರೆ ಬೆಳಗಾಗುವಷ್ಟರಲ್ಲಿ ನೆಲವೂ ಒದ್ದೆ, ತೊಟ್ಟಿಯ ಜೀವಗಳಿಗೂ ಅಪಾಯ.

ಡಿಸೆಂಬರ್-ಜನವರಿಯ ರಾತ್ರಿ ಬೇಸಿಗೆಗೆ ತಿರುವುಮುರುವು. ಧಾರವಾಡದಲ್ಲಿ ಚಳಿ ಹದಿಮೂರು-ಹದಿನಾಲ್ಕಕ್ಕೆ ಇಳಿಯುವುದುಂಟು, ಆಗ 150 ವಾಟಿನ ಹೀಟರ್ 25ಕ್ಕೆ ಕೂಡಿಸಿ. ಹೀಟರಿನ ಒಳಗಿನ ಥರ್ಮೋಸ್ಟಾಟ್ ಒಂದನ್ನೇ ನಂಬಬೇಡಿ, ಅದು ಆನ್ ಆಗಿಯೇ ಅಂಟಿಕೊಂಡರೆ ಸಾರು ಕುದಿಸಿದಂತಾಗುತ್ತದೆ. ಹೊರಗಿನ ಕಂಟ್ರೋಲರ್ ಮೂಲಕ ಕರೆಂಟ್ ಕೊಡಿ.

ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ತೊಟ್ಟಿಯೊಳಗೆ ನೀರು ಓಡಾಡಿಸುವ ವೇವ್‌ಮೇಕರ್ ಹತ್ತು-ಹದಿನೈದು ವಾಟ್ ಮಾತ್ರ, ಅದನ್ನು ಮನೆಯ ಇನ್ವರ್ಟರಿಗೆ ಹಾಕಿ, ಹೀಟರ್ ಹಾಕಬೇಡಿ. ಇನ್ವರ್ಟರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪುಗಳು ಗುಂಯ್ ಎಂದು ಬಿಸಿಯಾಗುತ್ತವೆ. ಜೊತೆಗೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು. ತೊಟ್ಟಿಯ ಕೆಳಗೆ ಫಿಲ್ಟರಿಗಾಗಿ ಇನ್ನೊಂದು ಸಣ್ಣ ತೊಟ್ಟಿ, ಅಂದರೆ ಸಂಪ್, ಇಟ್ಟರೆ, ಎಲ್ಲ ಕೂಡಿಸಿದ ದಿನವೇ ಪ್ಲಗ್ ಕಿತ್ತು ಹತ್ತು ನಿಮಿಷ ನೋಡಿ. ಮೇಲಿನ ನೀರು ಹಿಂದಕ್ಕೆ ಇಳಿದು ಸಂಪಿನ ಅಂಚಿಗೆ ಒಂದು ಇಂಚು ಕೆಳಗೇ ನಿಲ್ಲಬೇಕು.

ಕಲ್ಲಿನ ವಿಷಯದಲ್ಲಿ ಕಾನೂನೂ ಬರುತ್ತದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಗಟ್ಟಿ ಹವಳಗಳೆಲ್ಲ ಇವೆ. ಕಪ್ಪು ಹವಳ, ಬೀಸಣಿಗೆಯಂತಹ ಗೊರ್ಗೋನಿಯನ್, ಕಡಲ್ಗುದುರೆ ಸಹ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಸತ್ತ ಹವಳದ ಬಿಳಿ ಕಲ್ಲಿಗೂ ಅದು ಅನ್ವಯ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ, ಮುಳುಗಿ ನೋಡಿ ಬನ್ನಿ, ಚೂರನ್ನೂ ತರಬೇಡಿ. ಇಂಪೋರ್ಟೆಡ್ ಎಂದು ಮಾರುವ ಗಟ್ಟಿ ಹವಳಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಕಾಗದ ಬೇಕು, ಸೈಟಿಸ್ ಪಟ್ಟಿಯ ಜೀವಿಗಳನ್ನು ಮನೆಯಲ್ಲಿ ಸಾಕುವವರಿಗೆ 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಣಿಯೂ ಬಂದಿದೆ. ನನ್ನ ಸಲಹೆ ಸ್ಪಷ್ಟ: ಗಟ್ಟಿ ಹವಳವನ್ನು ಮುಟ್ಟಬೇಡಿ. ಮೃದು ಹವಳದಲ್ಲೇ ಕಣ್ತುಂಬುವಷ್ಟು ಬಣ್ಣ ಇದೆ, ಬಿಸಿಲು-ಕರೆಂಟಿನ ಏರುಪೇರನ್ನು ಅವು ಎಷ್ಟೋ ಚೆನ್ನಾಗಿ ತಾಳುತ್ತವೆ.

ಕಲ್ಲಿಗೆ ಸೆರಾಮಿಕ್ ಅಥವಾ ಕೃತಕ ರೀಫ್ ಕಲ್ಲು 12ರಿಂದ 15 ಕಿಲೋ ಸಾಕು. ಅರಗೋನೈಟ್ ಮರಳು 15 ಕಿಲೋ ಹರಡಿದರೆ ಒಂದು ಇಂಚು ದಪ್ಪ ಆಗುತ್ತದೆ. ಗುಡ್ಡದ ಕಲ್ಲು ಚೆಂದ ಕಂಡಿತೆಂದು ತರಬೇಡಿ. ಕಪ್ಪತಗುಡ್ಡದ ಕಡೆಯ ಕಲ್ಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ತುಂಬಿವೆ, ಉಪ್ಪುನೀರು ಅವನ್ನು ನಿಧಾನವಾಗಿ ಕರಗಿಸುತ್ತದೆ.

ಹವಳ ಯಾವುದು? ಮೊದಲಿಗೆ ಡಿಸ್ಕೋಸೋಮಾ ಅಣಬೆ ಹವಳ, ಆಮೇಲೆ ಝೊವಾಂಥಿಡ್. ಇವೆರಡು ಎರಡು ತಿಂಗಳು ನೆಟ್ಟಗೆ ನಿಂತರೆ ಟೋಡ್‌ಸ್ಟೂಲ್ ಲೆದರ್. ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಜೀನಿಯಾ ತುಂಬ ಸುಲಭ, ಅದೇ ಅವುಗಳ ತೊಂದರೆ. ಗರಿಕೆಯಂತೆ ಹಬ್ಬಿ ಎಲ್ಲವನ್ನೂ ಮುಚ್ಚುತ್ತವೆ. ಮರಳಿನ ನಡುವೆ ಒಂಟಿ ಕಲ್ಲಿನ ಮೇಲೆ ಇಡಿ. ಲೆದರ್ ಹವಳ ಆಗಾಗ ಪಾಲಿಪ್ (ಹೂವಿನಂತಹ ಬಾಯಿಗಳು) ಮುಚ್ಚಿ, ಮೇಲೆ ಮೇಣದಂತಹ ಪೊರೆ ಕಟ್ಟಿ ಒಂದು ವಾರ ಮಂಕಾಗಿ ನಿಲ್ಲುತ್ತದೆ. ಸತ್ತಿತೆಂದು ಎಸೆಯಬೇಡಿ, ಅದು ಪೊರೆ ಕಳಚುತ್ತಿದೆ. ನೀರಿನ ಹೊಡೆತ ಸ್ವಲ್ಪ ಅದರ ಕಡೆ ತಿರುಗಿಸಿದರೆ ಪೊರೆ ಹಾರಿ ಕೆಳಗಿನ ಹೊಸ ಮೈ ಕಾಣುತ್ತದೆ. ಇವು ಒಂದರ ಮೇಲೊಂದು ರಾಸಾಯನಿಕ ಬಿಡುತ್ತವೆ, ಅದಕ್ಕೆ 100 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಾಯಿಸಿ.

ಝೊವಾಂಥಿಡ್ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ಇವುಗಳಲ್ಲಿ ಕೆಲವು, ಮುಖ್ಯವಾಗಿ ಪಾಲಿಥೋವಾ ಜಾತಿಯವು, ಪಾಲಿಟಾಕ್ಸಿನ್ ಎಂಬ ಅತಿ ಉಗ್ರ ವಿಷ ಹೊಂದಿರುತ್ತವೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕಣ್ಣಿಗೆ ಕನ್ನಡಕ. ಅವು ಬೆಳೆದ ಕಲ್ಲನ್ನು ಸ್ವಚ್ಛ ಮಾಡಲೆಂದು ಎಂದೂ ಕುದಿಸಬಾರದು, ಬಿಸಿನೀರು ಹಾಕಿ ಬ್ರಷ್ಷಿನಿಂದ ತಿಕ್ಕಬಾರದು. ಆ ಹಬೆ ಉಸಿರಿಗೆ ಹೋಗಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕಡಾಯಿಯಲ್ಲಿ ಹಾಕಿ ಕುದಿಸಿ ತೊಳೆಯುವುದು ನಮ್ಮ ಮನೆಗಳ ರೂಢಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬೆಳಕಿಗೆ 450 ನ್ಯಾನೋಮೀಟರಿನ ನೀಲಿ ಹೆಚ್ಚಿರುವ ರೀಫ್ ಎಲ್‌ಇಡಿ ಬೇಕು, ದಿನಕ್ಕೆ 8 ತಾಸು. ಮೊದಲ ವಾರ 30 ಶೇಕಡಾ, ಆಮೇಲೆ ವಾರಕ್ಕೆ 5 ಏರಿಸುತ್ತ 50–60ಕ್ಕೆ ನಿಲ್ಲಿಸಿ. ಝೊವಾಂಥಿಡ್ ಕತ್ತು ಉದ್ದ ಮಾಡಿದರೆ ಬೆಳಕು ಸಾಲದು; ಅಣಬೆ ಹವಳ ಮುದುಡಿ ಮಂಕಾದರೆ ಹೆಚ್ಚಾಗಿದೆ. ನೀರಿನ ಓಡಾಟ ತಾಸಿಗೆ 2,500ರಿಂದ 3,000 ಲೀಟರ್. ಹವಳ ಗಾಳಿಗೆ ಜೋಳದ ತೆನೆ ತೂಗಿದಂತೆ ತೂಗಬೇಕು, ಒಂದೇ ಕಡೆ ಬಾಗಿ ನಿಲ್ಲಬಾರದು.

ವಾರಕ್ಕೆ 15 ಲೀಟರ್ ನೀರು ಬದಲಾಯಿಸಿ, ಅದಕ್ಕೆ 555 ಗ್ರಾಂ ಉಪ್ಪು. ಮೃದು ಹವಳಕ್ಕೆ ಇಷ್ಟರಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗುತ್ತದೆ. ನೀವು ನೋಡಬೇಕಾದದ್ದು ಆಲ್ಕಲಿನಿಟಿ, ಅಂದರೆ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ. ಅದರ ಅಳತೆ ಡಿಕೆಎಚ್, 8ರಿಂದ 9 ಇರಲಿ. ಇಳಿದಿದ್ದರೆ ಅಡುಗೆ ಸೋಡಾ ಸಾಕು. 4.5 ಗ್ರಾಂ ಹಾಕಿದರೆ ನಿಮ್ಮ ತೊಟ್ಟಿ 1 ಡಿಕೆಎಚ್ ಏರುತ್ತದೆ. ಒಂದು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಏರಿಸಬೇಡಿ, ಅಂದರೆ 2 ಗ್ರಾಂ ಚಿಲ್ಲರೆ, ಅರ್ಧ ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ ಹನಿಹನಿಯಾಗಿ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಸೋಡಾ ಬೇರೆ. ಪೊಟ್ಟಣ ನೋಡಿ ತನ್ನಿ. ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.03ರಿಂದ 0.1 ಇರಲಿ. ಎರಡನ್ನೂ ಸೊನ್ನೆ ಮಾಡಲು ಹೊರಟರೆ ಹವಳ ಹಸಿಯುತ್ತದೆ. ಆ ಖಾಲಿ ಜಾಗಕ್ಕೆ ಕಂದು ಸಿಂಬಳದಂತೆ, ಗುಳ್ಳೆ ಹಿಡಿದ ಡೈನೊಫ್ಲಾಜೆಲೇಟ್ ಬಂದು ಕೂರುತ್ತದೆ, ಅದನ್ನು ಓಡಿಸುವುದು ಹಸಿರು ಪಾಚಿಗಿಂತ ಬಲು ಕಷ್ಟ.

ಮೀನು ಮೂರು ಅಥವಾ ನಾಲ್ಕು, ಅದಕ್ಕಿಂತ ಬೇಡ. ಒಸೆಲಾರಿಸ್ ಕ್ಲೌನ್ ಜೋಡಿ, ಒಂದು ಫೈರ್‌ಫಿಶ್, ಮರಳಲ್ಲಿ ಬಿಲ ತೋಡುವ ಹಳದಿ ವಾಚ್‌ಮನ್ ಗೋಬಿ ಒಂದು. ಕ್ಲೌನ್ ಹುಟ್ಟುವಾಗ ಎಲ್ಲವೂ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಸಣ್ಣದು ಆರಿಸಿದರೆ ಜಗಳವಿಲ್ಲ. ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಕೇಳಿ ತನ್ನಿ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ನಮ್ಮ ದೇಶದಲ್ಲೇ ಈ ತಂತ್ರ ಬೆಳೆಸಿದೆ, ಬ್ರೂಕ್ಲಿನೆಲ್ಲಾ ಕಾಟ ಅಂತಹವಕ್ಕೆ ಎಷ್ಟೋ ಕಡಿಮೆ. ಡ್ಯಾಮ್ಸೆಲ್ ಮತ್ತೆ ಬೇಡ, ದೊಡ್ಡದಾದಂತೆ ಉಳಿದವನ್ನು ಮೂಲೆಗೆ ಒತ್ತುತ್ತದೆ. ನೀಲಿ ಟ್ಯಾಂಗ್ ಒಂದು ಅಡಿ ಬೆಳೆಯುವ ಮೀನು, ಮೂರು ಫೂಟ್ ಅದಕ್ಕೆ ಜೈಲು. ಮ್ಯಾಂಡರಿನ್ ಹೊಸ ತೊಟ್ಟಿಯಲ್ಲಿ ತಿನ್ನಲು ಸಿಗದೆ ಒಣಗಿ ಸಾಯುತ್ತದೆ. ಚಿಟ್ಟೆ ಮೀನುಗಳಲ್ಲಿ ಬಹಳಷ್ಟು ಹವಳವನ್ನೇ ತಿನ್ನುತ್ತವೆ. ಸಮುದ್ರದಲ್ಲಿ ಕ್ಲೌನ್ ಆಸರೆ ಪಡೆಯುವ ಅನಿಮೋನಿ ಎಂಬ ಜೀವಿ ಇಲ್ಲದೆಯೂ ಅದು ಆರಾಮಾಗಿರುತ್ತದೆ, ಮೊದಲ ವರ್ಷ ಅನಿಮೋನಿಯ ಯೋಚನೆ ಬೇಡ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಚೀಲದಲ್ಲಿ ಮೀನು ಬರುತ್ತದಲ್ಲ, ಅದನ್ನು ಬಿಚ್ಚುವ ಗಳಿಗೆಯೇ ಅಪಾಯದ್ದು. ಹತ್ತು ತಾಸಿನ ದಾರಿಯಲ್ಲಿ ಚೀಲದೊಳಗೆ ಅಮೋನಿಯಾ ಸೇರಿದೆ, ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ ಇಳಿದಿದೆ. ಇಳಿದ ಪಿಎಚ್‌ನಲ್ಲಿ ಆ ಅಮೋನಿಯಾ ನಿರುಪದ್ರವಿ. ಗಂಟು ಬಿಚ್ಚಿದ ಕೂಡಲೇ ಗ್ಯಾಸ್ ಹೊರಹೋಗಿ ಪಿಎಚ್ ಏರುತ್ತದೆ, ನೋಡುನೋಡುತ್ತ ಅದು ವಿಷವಾಗುತ್ತದೆ. ಆದ್ದರಿಂದ ಎರಡು ತಾಸು ಹನಿಹನಿ ನೀರು ಬಿಡುವ ಹಳೆಯ ಪದ್ಧತಿ ಇಂತಹ ಮೀನಿಗೆ ಸಲ್ಲದು. ಮಾರುವವರಿಗೆ ಫೋನ್ ಮಾಡಿ ಅವರ ನೀರಿನ ಉಪ್ಪು ಎಷ್ಟೆಂದು ಕೇಳಿ, ಹೊಸ ಮೀನನ್ನು ಮೊದಲು ಬೇರೆ ಇಡುವ ಕ್ವಾರಂಟೈನ್ ಟಬ್ಬಿನ ನೀರನ್ನು ಅಷ್ಟಕ್ಕೇ ಮಾಡಿಟ್ಟುಕೊಳ್ಳಿ. ಗಂಟು ಬಿಚ್ಚದೆ ಚೀಲವನ್ನು 20 ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ಉಪ್ಪನ್ನು ಮುಂದಿನ ಐದಾರು ದಿನದಲ್ಲಿ ಸ್ವಲ್ಪ ಸ್ವಲ್ಪವೇ 35ಕ್ಕೆ ಏರಿಸಿ.

ಕ್ವಾರಂಟೈನ್‌ಗೆ 50 ಲೀಟರಿನ ಟಬ್, ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ಸ್ಪಂಜನ್ನು ಮೊದಲೇ ದೊಡ್ಡ ತೊಟ್ಟಿಯಲ್ಲಿಟ್ಟು ಬ್ಯಾಕ್ಟೀರಿಯಾ ಹಿಡಿಸಿ. ನಾಲ್ಕು ವಾರ ಅಲ್ಲೇ ಇರಲಿ. ತಾಮ್ರದ ಔಷಧ ಬೇಕಾದರೆ ಅಲ್ಲಿ ಮಾತ್ರ. ಇದನ್ನು ತಪ್ಪಿಸಿ ಇಕ್ ದೊಡ್ಡ ತೊಟ್ಟಿಗೆ ಬಂದರೆ ಎಲ್ಲ ಮೀನು ಹೊರತೆಗೆದು 76 ದಿನ ಖಾಲಿ ಬಿಡಬೇಕಾಗುತ್ತದೆ.

ಒಂದೂವರೆ-ಎರಡು ತಿಂಗಳಿಗೆ ಮರಳೆಲ್ಲ ಕಂದು ಆಗುತ್ತದೆ, ಆಮೇಲೆ ಹಸಿರು ಕೂದಲಿನಂತಹ ಪಾಚಿ ಬರುತ್ತದೆ. ಹೆದರಬೇಡಿ. ಸೆರಿತ್, ನೆರೈಟ್ ಬಸವನಹುಳು ಎಂಟು-ಹತ್ತು ಬಿಡಿ, ಉದ್ದದ್ದನ್ನು ಕೈಯಿಂದ ಕೀಳಿ, ಔಷಧ ಹಾಕಬೇಡಿ. ಆ ಕೋಣೆಯಲ್ಲಿ ಸೊಳ್ಳೆಗೆ, ಜಿರಳೆಗೆ ಸ್ಪ್ರೇ ಹೊಡೆಯಬೇಡಿ. ಏರ್ ಪಂಪ್ ಅದನ್ನು ಎಳೆದು ನೀರಿಗೆ ಊದುತ್ತದೆ, ಸೀಗಡಿ-ಬಸವನಹುಳು ಸಾಯುತ್ತವೆ. ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವುದಿದ್ದರೆ ತೊಟ್ಟಿ ಕೂಡಿಸುವ ಮೊದಲೇ ಆ ಕೋಣೆ ಮುಗಿಸಿಕೊಳ್ಳಿ.

ಮಾರ್ಚ್‌ನಲ್ಲಿ ಶುರು ಮಾಡಿದ್ದು ನಿಮಗೆ ಇನ್ನಷ್ಟು ಕಷ್ಟ ಮಾಡಿತು. ಈ ಸಲ ಮೃಗಶಿರಾ ಮಳೆ ಬಿದ್ದು ಮನೆ ತಣ್ಣಗಾದ ಮೇಲೆ ನೀರು ತುಂಬಿಸಿ, ಅಮೋನಿಯಂ ಕ್ಲೋರೈಡ್ ಹಾಕಿ. ನಾಗರ ಪಂಚಮಿ ಹೊತ್ತಿಗೆ ಬ್ಯಾಕ್ಟೀರಿಯಾ ಸಾಕುವ ಕೆಲಸ ಮುಗಿದಿರುತ್ತದೆ. ಕ್ಲೌನ್ ಜೋಡಿ ತಂದು ಕ್ವಾರಂಟೈನ್‌ಗೆ ಬಿಟ್ಟರೆ ಗಣೇಶ ಚೌತಿಗೆ ನಾಲ್ಕು ವಾರ ತುಂಬಿ ದೊಡ್ಡ ತೊಟ್ಟಿಗೆ ಬರುತ್ತವೆ. ದೀಪಾವಳಿಗೆ ಅಣಬೆ ಹವಳ ಎರಡು. ಹೀಟರನ್ನು ಅದಕ್ಕೂ ಮೊದಲೇ ಪರೀಕ್ಷಿಸಿಡಿ. ಸಂಕ್ರಾಂತಿ ಕಳೆದ ಮೇಲೆ ಝೊವಾಂಥಿಡ್, ಫೈರ್‌ಫಿಶ್. ಫೈರ್‌ಫಿಶ್ ಬರುವ ದಿನದೊಳಗೆ ಬಲೆಯ ಮುಚ್ಚಳದಲ್ಲಿ ವೈರು ಹೋಗುವ ಮೂಲೆಗಳನ್ನೂ ಮುಚ್ಚಿರಿ, ಅದು ಬೆರಳಷ್ಟು ಸಂದಿಯಿಂದಲೂ ಹಾರುತ್ತದೆ. ಹೋಳಿ ಹುಣ್ಣಿಮೆಗೆ ಫ್ಯಾನ್ ಮತ್ತು ಎಟಿಓ ಎರಡನ್ನೂ ಬಿಚ್ಚಿ ವಿನೆಗರಿನಲ್ಲಿ ತೊಳೆದು ಉಪ್ಪಿನ ಪೊರೆ ತೆಗೆಯಿರಿ, 32 ಡಿಗ್ರಿಯ ಮಧ್ಯಾಹ್ನಗಳು ಅಲ್ಲಿಂದ ಎರಡು-ಮೂರು ವಾರದಲ್ಲಿ ಶುರುವಾಗುತ್ತವೆ.